ಪುಟ್ಟಸ್ವಾಮಯ್ಯನವರ ಮಗ

ಕಂಪನಿ ನಾಟಕಗಳ ಕಾಲದಲ್ಲಿ ರಾಕ್ಷಸನ ಪಾತ್ರ ಎಲ್ಲರಿಗೂ ಒಗ್ಗುತ್ತಿರಲಿಲ್ಲ. ಹಿರಣ್ಯಕಶಿಪು, ಕಂಸ, ರಾವಣರಿಗೆ ಆಳ್ತನ ಬೇಕು, ಕಂಠ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ದಮ್ಮು ಬೇಕು. ಆಗ ಮೈಕಿನ ನೆರವಿಲ್ಲ. ಎದೆಕವಚ, ಭುಜಕೀರ್ತಿ, ಕಿರೀಟ, ಗದೆ ಇಷ್ಟನ್ನೂ ಹೊತ್ತು, ಮುಖಕ್ಕೆ ದಪ್ಪ ಬಣ್ಣ ಮೆತ್ತಿಕೊಂಡು, ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಒಂದಕ್ಷರ ತಪ್ಪದಂತೆ ಮಾತು ಮುಟ್ಟಿಸಬೇಕು. ಮಾತು ಮುಗಿಯುವಷ್ಟರಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿದಿರುತ್ತದೆ; ಏದುಸಿರು ಕೇಳಿಸದ ಹಾಗೆ ಕಂದಪದ್ಯ ಎತ್ತಿಕೊಳ್ಳಬೇಕು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಅದನ್ನೇ ಮತ್ತೊಮ್ಮೆ ಹಾಡಬೇಕು. ಆಟ ಮುಗಿದು, ಬಣ್ಣ ಒರೆಸಿ, ಉಂಡು ಮಲಗುವ ಹೊತ್ತಿಗೆ ಊರಿನ ಕೋಳಿ ಕೂಗುತ್ತಿರುತ್ತದೆ. ಮಾರನೆಯ ಸಂಜೆ ಮತ್ತೆ ಅದೇ ಕಿರೀಟ, ಅದೇ ಗದೆ.

ಈ ದುಡಿಮೆಯನ್ನೇ ಬಾಳಾಗಿ ಮಾಡಿಕೊಂಡವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಇಂಥ ಪಾತ್ರಗಳಿಗೆ ಹೆಸರಾದವರು. ಕನ್ನಡಿಗರು ಅವರನ್ನು ನೆನೆಯುವುದು ಬಹುಮಟ್ಟಿಗೆ ಅವರ ಮಗನ ಕಾರಣದಿಂದ. ಆ ಮಗ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು, ನಾಡಿಗೆಲ್ಲ ಡಾ. ರಾಜಕುಮಾರ್, ಅಭಿಮಾನಿಗಳ ಬಾಯಲ್ಲಿ ಅಣ್ಣಾವ್ರು. ಮಗನ ಬಗ್ಗೆ ರಾಶಿ ಪುಸ್ತಕಗಳು ಬಂದಿವೆ. ಅಪ್ಪನ ಬಗ್ಗೆ ಸಿಗುವುದು ಕೆಲವು ಸಾಲು ಮಾತ್ರ. ಅವರ ಒಂದು ರಾತ್ರಿಯ ಆಟವೂ ಚಿತ್ರವಾಗಿ ನಮಗೆ ಉಳಿದಿಲ್ಲ, ಧ್ವನಿಯಾಗಿಯೂ ಉಳಿದಿಲ್ಲ. ಆದರೆ ರಾಜಕುಮಾರ್ ಅವರ ಕೆಲಸವನ್ನು ಗಮನವಿಟ್ಟು ನೋಡಿದವರಿಗೆ ಅದರೊಳಗೆ ಪುಟ್ಟಸ್ವಾಮಯ್ಯನವರ ಕೆಲಸ ಕಾಣದೆ ಇರದು.

ಪುಟ್ಟಸ್ವಾಮಯ್ಯ ಮತ್ತು ಲಕ್ಷ್ಮಮ್ಮ ದಂಪತಿಗೆ ಮೊದಲ ಮಗ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ಆಗ ಅದು ಮದರಾಸು ಪ್ರಾಂತ್ಯಕ್ಕೆ ಸೇರಿದ ಕೊಯಮತ್ತೂರು ಜಿಲ್ಲೆಯ ಹಳ್ಳಿ. ಇಂದು ತಮಿಳುನಾಡಿನ ತಾಳವಾಡಿ ಭಾಗದಲ್ಲಿದೆ. ಗಡಿ ಯಾವ ಕಡೆ ಬಿದ್ದರೂ ಮನೆಮಾತು ಕನ್ನಡವೇ. ಕಾವೇರಿ ದಡದ ಮುತ್ತತ್ತಿರಾಯನ ಹೆಸರನ್ನು ಮಗುವಿಗೆ ಇಟ್ಟರು. ಹಿಂದೆಯೇ ವರದರಾಜು, ಶಾರದಮ್ಮ, ನಾಗಮ್ಮ. ಆಸ್ತಿಪಾಸ್ತಿ ಎನ್ನುವಂಥದ್ದೇನೂ ಇಲ್ಲದ ಮನೆ. ಅಪ್ಪನ ಕಂಠವೇ ಆ ಸಂಸಾರದ ಜಮೀನು.

ಬಡತನ ಎಂಬ ಮಾತನ್ನು ಇಂಥ ಕಥೆಗಳಲ್ಲಿ ಸುಲಭವಾಗಿ ಬರೆದುಬಿಡುತ್ತೇವೆ. ಕಂಪನಿ ಕಲಾವಿದನ ಬಡತನಕ್ಕೆ ಅದರದೇ ಬಗೆ ಇತ್ತು. ಒಂದೂರಿನಲ್ಲಿ ಕ್ಯಾಂಪ್ ಹಾಕಿದರೆ ಜನ ಬರುವಷ್ಟು ದಿನ ಅಲ್ಲಿ. ಆಮೇಲೆ ಪರದೆ, ಪೆಟ್ಟಿಗೆ, ತಗಡು, ಗಳ ಎಲ್ಲವನ್ನೂ ಗಾಡಿಗೆ ಹೇರಿ ಮುಂದಿನೂರು. ಜಾತ್ರೆ ಇದ್ದರೆ ಕಲೆಕ್ಷನ್. ಮಳೆ ಹಿಡಿದರೆ, ಊರಿಗೆ ಪ್ಲೇಗೋ ಕಾಲರಾವೋ ಬಂದರೆ, ಬೆಳೆ ಕೈಕೊಟ್ಟರೆ ಟಿಕೆಟ್ ಕಿಟಕಿ ಬಣಗುಡುತ್ತಿತ್ತು. ಸಂಬಳ ಆ ಕಿಟಕಿಯ ಮೇಲೆ ನಿಂತಿತ್ತು. ಹೀಗೆ ಅಲೆಯುವವರ ಮನೆಗಳನ್ನು ನಿಭಾಯಿಸಿದವರು ಹೆಂಗಸರು. ಲಕ್ಷ್ಮಮ್ಮನಂಥ ತಾಯಂದಿರ ದುಡಿಮೆ ಯಾವ ಕರಪತ್ರದಲ್ಲೂ ಅಚ್ಚಾಗಲಿಲ್ಲ. ಅಪ್ಪಂದಿರನ್ನು ನೆನೆಯುವ ಲೇಖನದಲ್ಲೂ ಈ ಮಾತು ಬರಲೇಬೇಕು. ಅವರಿಲ್ಲದಿದ್ದರೆ ಯಾವ ಹಿರಣ್ಯಕಶಿಪುವೂ ನಿಶ್ಚಿಂತೆಯಿಂದ ಬಣ್ಣ ಹಚ್ಚುತ್ತಿರಲಿಲ್ಲ.

ಗುಬ್ಬಿ ಕಂಪನಿ ಸಾಮಾನ್ಯದ್ದಲ್ಲ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಸಂಘವನ್ನು ವೀರಣ್ಣನವರು ದಕ್ಷಿಣ ಭಾರತದ ದೊಡ್ಡ ಕಂಪನಿಗಳ ಸಾಲಿಗೆ ತಂದರು. 1934ರಲ್ಲಿ ಅವರು ಆಡಿಸಿದ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳು ರಂಗದ ಮೇಲೆ ಬಂದವು. ಅಷ್ಟೊಂದು ಜನರನ್ನೂ ಪ್ರಾಣಿಗಳನ್ನೂ ಊರಿಂದೂರಿಗೆ ಸಾಗಿಸಿ, ದಿನವೂ ಹೇಳಿದ ಹೊತ್ತಿಗೆ ಪರದೆ ಏಳಿಸಬೇಕೆಂದರೆ ಕಟ್ಟುನಿಟ್ಟು ಇರಲೇಬೇಕು. ನಟನಿಗೆ ಜ್ವರ ಬಂದರೂ ಪಾತ್ರಕ್ಕೆ ಜ್ವರ ಬರುವಂತಿರಲಿಲ್ಲ. ಯಾರಾದರೂ ಬರಲಾಗದಿದ್ದರೆ ಆ ಪಾತ್ರವನ್ನು ಇನ್ನೊಬ್ಬ ತಕ್ಷಣ ಎತ್ತಿಕೊಳ್ಳಬೇಕು. ಆದ್ದರಿಂದ ಒಬ್ಬೊಬ್ಬ ನಟನಿಗೂ ತನ್ನ ಪಾತ್ರದ ಜೊತೆಗೆ ಅಕ್ಕಪಕ್ಕದವರ ಮಾತೂ ಬಾಯಿಪಾಠ.

ಮುತ್ತುರಾಜನ ಶಾಲೆ ಎಂಟರ ವಯಸ್ಸಿಗೇ ನಿಂತಿತು. ಹುಡುಗ ಅಪ್ಪನ ಹಿಂದೆ ಕಂಪನಿಗೆ ಬಂದ. ಇದನ್ನು ಇಂದಿನ ಕಣ್ಣಿನಿಂದ ನೋಡಿದರೆ ನೋವಾಗುತ್ತದೆ, ಆಗಬೇಕು ಕೂಡ. ಓದಬೇಕಾದ ಮಗು ದುಡಿಮೆಗೆ ಬಂದದ್ದನ್ನು ಯಾರೂ ಚಂದದ ಮಾತಿನಲ್ಲಿ ಸುತ್ತಿಡಬೇಕಿಲ್ಲ. ಆದರೆ ಆ ಮಗು ಅಲ್ಲಿ ಏನು ಕಂಡಿತು ಎಂಬುದು ಮುಖ್ಯ. ಬೇರೆ ಮನೆಗಳಲ್ಲಿ ಅಪ್ಪ ಬೆಳಿಗ್ಗೆ ಹೊರಟು ಸಂಜೆ ಮರಳುತ್ತಾನೆ. ನಡುವೆ ಅವನು ಪಡುವ ಪಾಡು ಮಕ್ಕಳಿಗೆ ಕಾಣುವುದಿಲ್ಲ. ಕಂಪನಿಯ ಮಕ್ಕಳಿಗೆ ಎಲ್ಲವೂ ಕಾಣುತ್ತಿತ್ತು. ಹಗಲು ಅಪ್ಪ ತಾಲೀಮಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ತಿದ್ದಿಕೊಳ್ಳುವುದು, ಸಂಜೆ ಕನ್ನಡಿಯ ಮುಂದೆ ಕೂತು ಹುಬ್ಬು ತೀಡಿಕೊಳ್ಳುವುದು, ಸೈಡ್‌ವಿಂಗಿನಲ್ಲಿ ಒಂದು ಗಳಿಗೆ ಕೈಮುಗಿದು ನಿಂತು ಮರುಗಳಿಗೆ ರಂಗ ನಡುಗುವಂತೆ ನುಗ್ಗುವುದು, ಒಳಗೆ ಬಂದು ಕಿರೀಟ ಇಳಿಸಿದಾಗ ಹಣೆಯಲ್ಲಿ ಉಳಿದ ಗೆರೆ. ಉಪದೇಶದ ಅಗತ್ಯವೇ ಇಲ್ಲದ ಪಾಠ ಅದು. ದುಡಿಯುವ ಅಪ್ಪನನ್ನು ದುಡಿಯುವಾಗಲೇ ನೋಡುವ ಭಾಗ್ಯ ಎಷ್ಟು ಮಕ್ಕಳಿಗೆ ಸಿಗುತ್ತದೆ?

ಆ ಪಾಠದಲ್ಲಿ ಮೊದಲನೆಯದು ಉಚ್ಚಾರ. ಅಲ್ಪಪ್ರಾಣ ಮಹಾಪ್ರಾಣಗಳು, ಶ ಷ ಸ ಮೂರರ ಬೇರೆಬೇರೆ ನೆಲೆ, ಹಳಗನ್ನಡ ಪದ್ಯ ಬಿಡಿಸಿ ಹೇಳುವ ಕ್ರಮ, ಒಂದು ವಾಕ್ಯದಲ್ಲಿ ಉಸಿರು ಎಲ್ಲಿ ತೆಗೆದುಕೊಂಡರೆ ಅರ್ಥ ಮುರಿಯುವುದಿಲ್ಲ ಎಂಬ ಎಚ್ಚರ. ವೃತ್ತಿರಂಗಭೂಮಿಯ ನಟರಲ್ಲಿ ಅನೇಕರು ಹೆಚ್ಚು ಓದಿದವರಲ್ಲ. ಪದ್ಯಗಳನ್ನು ಕಿವಿಯಿಂದ ಕಲಿತು ನಾಲಿಗೆಯಿಂದ ಕಾಪಾಡಿದರು. ರಾಜಕುಮಾರ್ ಅವರ ‘ಬಬ್ರುವಾಹನ’ (1977) ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ಆ ಚಿತ್ರದಲ್ಲಿ ಅರ್ಜುನನೂ ಅವರೇ, ಬಬ್ರುವಾಹನನೂ ಅವರೇ. ಅಪ್ಪ ಮಗ ಎದುರುಬದುರು ನಿಂತು ಮಾತಿಗೆ ಮಾತು ಕೊಡುವಾಗ ಒಂದೇ ಕಂಠ ಎರಡು ವಯಸ್ಸಿನಲ್ಲಿ ಕೇಳಿಸುತ್ತದೆ. ಹಿರಿಯನ ಗತ್ತು ತಗ್ಗಿದ ದನಿಯಲ್ಲಿ, ಕಿರಿಯನ ರೋಷ ಏರಿದ ದನಿಯಲ್ಲಿ. ಅಕ್ಷರ ಮಾತ್ರ ಎರಡರಲ್ಲೂ ಅಷ್ಟೇ ಸ್ವಚ್ಛ. ಈ ಹದ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ.

ಎರಡನೆಯದು ಹಾಡು. ಬಹುಕಾಲ ತೆರೆಯ ಮೇಲೆ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿಯಾಗಿದ್ದರು. ನಡುವೆ ‘ಓಹಿಲೇಶ್ವರ’ (1956), ‘ಮಹಿಷಾಸುರ ಮರ್ದಿನಿ’ (1959) ಚಿತ್ರಗಳಲ್ಲಿ ರಾಜಕುಮಾರ್ ಹಾಡಿದ್ದರಾದರೂ ನಾಡು ಅವರನ್ನು ಗಾಯಕ ಎಂದು ಗುರುತಿಸಿದ್ದು 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆ ಏರಿ ಹಾಡಿದ ಹಾಡಿನಿಂದ. ಆಗ ಅವರಿಗೆ 45 ವರ್ಷ. ಬೇರೆಯವರು ದಣಿಯುವ ವಯಸ್ಸಿನಲ್ಲಿ ಹೊಸ ವೃತ್ತಿ ಆರಂಭಿಸಿ, 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಹಾಡಲು ಬಾರದವನಿಗೆ ಕಂಪನಿಯಲ್ಲಿ ಜಾಗವೇ ಇರಲಿಲ್ಲ ಎಂಬುದನ್ನು ನೆನೆದರೆ ಈ ಬೆರಗಿಗೆ ಬುಡ ಸಿಗುತ್ತದೆ.

ಮೂರನೆಯದನ್ನು ಏನೆಂದು ಕರೆಯುವುದು? ಪ್ರೇಕ್ಷಕರನ್ನು ಅವರು ‘ಅಭಿಮಾನಿ ದೇವರುಗಳು’ ಎಂದದ್ದು ಸಭೆಯ ಅಲಂಕಾರಕ್ಕೆ ಹೇಳಿದ ಮಾತೆಂದು ಭಾವಿಸಿದವರಿದ್ದಾರೆ. ಅದಕ್ಕೆ ಕಂಪನಿಯ ಅನ್ನದ ಹಿನ್ನೆಲೆ ಇದೆ ಎಂದು ಈ ಲೇಖಕನ ನಂಬಿಕೆ. ಟಿಕೆಟ್ ಕೊಂಡು ಒಳಗೆ ಬಂದ ರೈತ, ಕೂಲಿಯಾಳು, ಮಗ್ಗದವನು ಆ ದಿನದ ಒಲೆ ಉರಿಸಿದವನು. ಆಟ ಚೆನ್ನಾಗಿಲ್ಲದಿದ್ದರೆ ನಾಳೆ ಅವನು ಬರುವುದಿಲ್ಲ. ಅವನು ಬಾರದಿದ್ದರೆ ಅಪ್ಪನ ಸಂಬಳವಿಲ್ಲ. ಇದನ್ನು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡ ಹುಡುಗನಿಗೆ ಎದುರು ಕೂತವನು ದೇವರಾಗಿ ಕಂಡದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ.

1942ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಹುಡುಗ ಮುತ್ತುರಾಜ ಒಂದು ಸಣ್ಣ ಪಾತ್ರದಲ್ಲಿ ಬಂದುಹೋದ. ಆಮೇಲೆ ಮತ್ತೆ ರಂಗಭೂಮಿಯೇ. ಗುಬ್ಬಿ ಕಂಪನಿಯ ಜೊತೆಗೆ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ದುಡಿದ. 1951ರಲ್ಲಿ ಪುಟ್ಟಸ್ವಾಮಯ್ಯ ತೀರಿಕೊಂಡರು. ಹಿರಿಯ ಮಗನಿಗೆ ಆಗ 22. ತಾಯಿ, ತಮ್ಮ, ತಂಗಿಯರ ಹೊಣೆ ಹೆಗಲಿಗೆ ಬಂತು. ಕೈಯಲ್ಲಿದ್ದದ್ದು ಅಪ್ಪ ಕೊಟ್ಟ ಕಸುಬು ಒಂದೇ. ಎರಡು ವರ್ಷದ ಮೇಲೆ, 1953ರ ಜೂನ್ 25ರಂದು, ಸಾಲಿಗ್ರಾಮದ ಪಾರ್ವತಿಯವರೊಂದಿಗೆ ಮದುವೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’. ಮುತ್ತುರಾಜನಿಗೆ ರಾಜಕುಮಾರ್ ಎಂಬ ಹೆಸರು ಬಂದದ್ದು ಆಗಲೇ. ಮಗನ ಆ ಮುಖ ತೆರೆಯ ಮೇಲೆ ಮೂಡುವ ಹೊತ್ತಿಗೆ ನೋಡಲು ಅಪ್ಪ ಇರಲಿಲ್ಲ. ಮೂರೇ ವರ್ಷದ ಅಂತರ.

ಒಂದು ಸಿನಿಮಾ ಗೆದ್ದ ಕೂಡಲೇ ಬಾಳು ಬಂಗಾರವಾಯಿತು ಎಂದು ಓದುಗರು ತಿಳಿಯಬಾರದು. ಐವತ್ತರ ದಶಕದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳು ತಯಾರಾಗುತ್ತಿದ್ದವು, ಅದೂ ಬಹುಪಾಲು ಮದರಾಸಿನಲ್ಲಿ. ಕಲಾವಿದರಿಗೆ ಕೆಲಸವೇ ಇಲ್ಲದ ತಿಂಗಳುಗಳಿದ್ದವು. ಆಗ ರಾಜಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ನಾಟಕ ಒಯ್ದರು. ಸಿನಿಮಾದ ನಾಯಕನಾದ ಮೇಲೂ ಪೆಟ್ಟಿಗೆ ಹೊತ್ತು ಹಳ್ಳಿಗೆ ಹೋಗಿ ಬಣ್ಣ ಹಚ್ಚುವುದಕ್ಕೆ ಅವರಾರೂ ಸಂಕೋಚಪಡಲಿಲ್ಲ. ಆ ಸಂಘವೇ ಮುಂದೆ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತೆರೆಗೆ ತಂದಿತು. ಕಷ್ಟ ಬಂದಾಗ ಮಗ ಅಪ್ಪನ ದಾರಿಗೇ ಮರಳಿದ; ಅಪ್ಪನ ದಾರಿ ಕೈಬಿಡಲಿಲ್ಲ.

ಪಾತ್ರಗಳ ಕಥೆಯೂ ಹಾಗೆಯೇ. ಪುಟ್ಟಸ್ವಾಮಯ್ಯ ರಂಗದ ಮೇಲೆ ರಾವಣ. ಮಗ 1958ರ ‘ಭೂಕೈಲಾಸ’ದಲ್ಲಿ ರಾವಣ. ಮರುವರ್ಷ ಮಹಿಷಾಸುರ. ನಾಯಕನಟನಾಗಿ ಹೆಸರು ಮಾಡುತ್ತಿದ್ದ ತರುಣ ದೈತ್ಯನ ಪಾತ್ರಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ. ರಾಕ್ಷಸಪಾತ್ರ ಕೀಳು ಎಂಬ ಭಾವನೆ ಆ ಮನೆಯಲ್ಲಿ ಇರಲು ಸಾಧ್ಯವಿರಲಿಲ್ಲ. ಕೊನೆಗೆ 1983ರ ‘ಭಕ್ತ ಪ್ರಹ್ಲಾದ’. ಅಪ್ಪನಿಗೆ ಹೆಸರು ತಂದ ಹಿರಣ್ಯಕಶಿಪುವಿನ ವೇಷವನ್ನು ರಾಜಕುಮಾರ್ ತೊಟ್ಟರು. ಎದುರು ಪ್ರಹ್ಲಾದನಾಗಿ ನಿಂತವನು ಎಂಟು ವರ್ಷದ ಕಿರಿಯ ಮಗ ಲೋಹಿತ್, ನಾವೆಲ್ಲ ಬಲ್ಲ ಪುನೀತ್. ಅಜ್ಜನನ್ನು ಕಾಣದ ಮೊಮ್ಮಗ ಅಜ್ಜನ ಪಾತ್ರದ ಎದುರು ನಿಂತು ಮಾತಾಡಿದ. ಹಿರಣ್ಯಕಶಿಪು ಅಬ್ಬರಿಸುವಾಗಲೂ ಮಗುವಿನತ್ತ ನೋಡುವ ಕಣ್ಣಿನಲ್ಲಿ ಒಂದು ಎಳೆ ಪ್ರೀತಿ ಹಾದುಹೋಗುತ್ತದೆ. ಆ ಪಾತ್ರಕ್ಕೆ ಅದು ಬೇಕೂ ಹೌದು, ಏಕೆಂದರೆ ಪ್ರಹ್ಲಾದನ ಕಥೆಯ ದುರಂತವೆಲ್ಲ ಇರುವುದು ಅಪ್ಪ ಮಗನನ್ನು ಪ್ರೀತಿಸುತ್ತಲೇ ಕೊಲ್ಲಹೊರಟದ್ದರಲ್ಲಿ. ಪುಟ್ಟಸ್ವಾಮಯ್ಯ ಆ ಎಳೆಯನ್ನು ಹೇಗೆ ಹಿಡಿಯುತ್ತಿದ್ದರೋ ನೋಡಿದವರು ಇಂದು ಉಳಿದಿಲ್ಲ. ಮಗ ಹಿಡಿದ ರೀತಿ ಮಾತ್ರ ಎದುರಿಗಿದೆ.

ಎರಡು ವರ್ಷದ ನಂತರ ಅದೇ ಹುಡುಗ ‘ಬೆಟ್ಟದ ಹೂವು’ ಚಿತ್ರದಲ್ಲಿ ಬಡ ಮನೆಯ ರಾಮುವಾಗಿ ನಟಿಸಿ ಬಾಲನಟನ ರಾಷ್ಟ್ರಪ್ರಶಸ್ತಿ ಪಡೆದ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸು ಕೂಡಿಡುವ ರಾಮು, ಕೊನೆಗೆ ಮನೆಯವರಿಗೆ ಕಂಬಳಿ ಕೊಂಡು ತರುತ್ತಾನೆ. ಓದಿನ ಆಸೆ, ಮನೆಯ ಹೊಣೆ ಇವೆರಡರ ನಡುವೆ ಸಿಕ್ಕ ಹುಡುಗನ ಕಥೆ ಗಾಜನೂರಿನ ಮನೆಗೆ ಹೊಸತಲ್ಲ.

ಶಾಲೆಯ ಮಾತು ಇಲ್ಲಿಗೇ ಬಿಡುವಂತಿಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ರಾಜಕುಮಾರ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1982ರಲ್ಲಿ ಗೋಕಾಕ್ ವರದಿ ಜಾರಿಗಾಗಿ ಚಳವಳಿ ಎದ್ದಾಗ ಸಾಹಿತಿಗಳು, ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಬೀದಿಯಲ್ಲಿದ್ದರು; ರಾಜಕುಮಾರ್ ಧುಮುಕಿ ನಾಡು ಸುತ್ತಿದ ಮೇಲೆ ಅದು ಜನಸಾಗರವಾಯಿತು. ಪ್ರಶ್ನೆ ಇದ್ದದ್ದು ಶಾಲೆಯಲ್ಲಿ ಕನ್ನಡದ ಸ್ಥಾನದ್ದು. ಅದಕ್ಕಾಗಿ ಊರೂರಿಗೆ ಹೋಗಿ ಮಾತಾಡಿದವರು ಶಾಲೆಯ ಮೆಟ್ಟಿಲನ್ನು ಚಿಕ್ಕಂದಿನಲ್ಲೇ ಇಳಿದವರು. ಅವರಿಗಿದ್ದ ಕನ್ನಡ ಪಠ್ಯಪುಸ್ತಕದ್ದಲ್ಲ, ಪುಟ್ಟಸ್ವಾಮಯ್ಯನವರ ಕಂಪನಿಯ ಕನ್ನಡ. ಹತ್ತು ವರ್ಷದ ಮೇಲೆ, 1992ರಲ್ಲಿ, ರಾಜ್ಯ ಸರ್ಕಾರ ಮೊತ್ತಮೊದಲ ‘ಕರ್ನಾಟಕ ರತ್ನ’ ಗೌರವ ನೀಡಿದಾಗ ಒಂದು ಕುವೆಂಪು ಅವರಿಗೆ, ಇನ್ನೊಂದು ರಾಜಕುಮಾರ್ ಅವರಿಗೆ ಸಂದಿತು. ಒಬ್ಬರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಇನ್ನೊಬ್ಬರ ವಿದ್ಯೆಯೆಲ್ಲ ಸೈಡ್‌ವಿಂಗಿನಲ್ಲಿ ನಿಂತು ಗಳಿಸಿದ್ದು.

ಕಂಪನಿಯ ಅಪ್ಪಂದಿರು ಇನ್ನೂ ಇದ್ದಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತೆರೆಗೆ ಬಂದಾಗ ರಾವಣನಾಗಿದ್ದವರು ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿದ್ದವರು ಸುಬ್ಬಯ್ಯ ನಾಯ್ಡು. ಇಬ್ಬರೂ ರಂಗಭೂಮಿಯಿಂದ ಬಂದವರು. ನಾಗೇಂದ್ರರಾಯರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಗೀತರಚನಕಾರರಾದರು, ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾದರು, ಸುದರ್ಶನ್ ನಟರಾದರು. ನಾಯ್ಡು ಅವರ ಮಗ ಲೋಕೇಶ್ ‘ಭೂತಯ್ಯನ ಮಗ ಅಯ್ಯು’, ‘ಪರಸಂಗದ ಗೆಂಡೆತಿಮ್ಮ’ ಚಿತ್ರಗಳಿಂದ ಕನ್ನಡ ಮರೆಯದ ನಟನಾದರು.

ಹಿರಣ್ಣಯ್ಯನವರ ಮನೆಯ ಕಥೆಗೆ ಬೇರೆಯದೇ ಕೆಚ್ಚು. ಕೆ. ಹಿರಣ್ಣಯ್ಯ ಕಟ್ಟಿದ ಮಿತ್ರ ಮಂಡಳಿ 1953ರಲ್ಲಿ ಅವರು ತೀರಿಕೊಂಡಾಗ ನಿಂತೇ ಹೋಗಬಹುದಿತ್ತು. ಹತ್ತೊಂಬತ್ತರ ಆಸುಪಾಸಿನ ಮಗ ನರಸಿಂಹಮೂರ್ತಿ ಅಪ್ಪನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ಮಾಸ್ಟರ್ ಹಿರಣ್ಣಯ್ಯನಾದರು, ಮಂಡಳಿಯನ್ನು ಮತ್ತೆ ಎಬ್ಬಿಸಿದರು. ಲಂಚಕೋರರನ್ನು ರಂಗದ ಮೇಲೆಯೇ ಜಾಡಿಸಿದ ಅವರ ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಅಧಿಕಾರದಲ್ಲಿದ್ದವರು ಮುಂದಿನ ಸಾಲಿನಲ್ಲಿ ಕೂತಿದ್ದರೂ ಮಾತು ಮೆತ್ತಗಾಗುತ್ತಿರಲಿಲ್ಲ. 2019ರಲ್ಲಿ ಅವರು ಅಗಲಿದರು. ಮಗ ಬಾಬು ಹಿರಣ್ಣಯ್ಯ ಆ ಹೆಸರನ್ನು ರಂಗದ ಮೇಲೆ ಮುಂದುವರಿಸಿದ್ದಾರೆ. ಅಪ್ಪನಿಂದ ಬಂದ ಮನೆಯನ್ನೋ ಹೊಲವನ್ನೋ ಉಳಿಸಿಕೊಳ್ಳುವುದು ಒಂದು ಬಗೆ. ಸಾಲಸೋಲದ ಕಂಪನಿಯನ್ನು ಉಳಿಸಿಕೊಳ್ಳುತ್ತೇನೆಂದು ಟೊಂಕ ಕಟ್ಟುವುದಕ್ಕೆ ಬೇರೆಯೇ ಎದೆ ಬೇಕು.

ಒಡಲಿನ ಮಕ್ಕಳಿಗಷ್ಟೇ ಅಲ್ಲ, ಹಿಂಬಾಲಿಸಿ ಬಂದ ಮಕ್ಕಳಿಗೂ ಈ ಕಂಪನಿಗಳು ತಂದೆಯ ಸ್ಥಾನದಲ್ಲಿದ್ದವು. ದಕ್ಷಿಣ ಕನ್ನಡದಿಂದ ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತರನ್ನು ಓದಿಗಾಗಿ ಬನಾರಸಿಗೆ ಕಳಿಸಿದವರು ವೀರಣ್ಣನವರು. ಮುತ್ತುರಾಜನೂ ಕಾರಂತರೂ ಒಂದೇ ವರ್ಷ, 1929ರಲ್ಲಿ, ಹುಟ್ಟಿದವರು. ಒಬ್ಬರು ಕನ್ನಡ ಚಿತ್ರರಂಗಕ್ಕೆ, ಇನ್ನೊಬ್ಬರು ಆಧುನಿಕ ರಂಗಭೂಮಿಗೆ ಹೋದರು. ಇಬ್ಬರ ಕಿವಿಯಲ್ಲೂ ಇದ್ದದ್ದು ಅದೇ ಹಾರ್ಮೋನಿಯಂ.

ಹುಟ್ಟೂರಿನ ನಂಟನ್ನು ಪುಟ್ಟಸ್ವಾಮಯ್ಯನವರ ಮಗ ಕೊನೆಯವರೆಗೂ ಬಿಡಲಿಲ್ಲ. ಮದರಾಸಿನಲ್ಲಿ ಸಂಸಾರ ಹೂಡಿದ್ದಾಗಲೂ, ಬೆಂಗಳೂರಿನ ಸದಾಶಿವನಗರಕ್ಕೆ ಬಂದ ಮೇಲೂ ಗಾಜನೂರಿಗೆ ಹೋಗಿ ಇರುವುದು ಅವರಿಗೆ ಇಷ್ಟ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಹೊತ್ತೊಯ್ದದ್ದೂ ಅಲ್ಲಿಂದಲೇ. 108 ದಿನಗಳ ಕಾಡುವಾಸ ಮುಗಿಸಿ ಬಂದಾಗ ಅವರಿಗೆ 71 ವರ್ಷ. ಕಲ್ಲುಮುಳ್ಳಿನ ನಡುವೆ ಅಷ್ಟು ದಿನ ಮನಸ್ಸು ಕದಡದೆ ಉಳಿಯಲು ಯೋಗಾಭ್ಯಾಸ ಕಾರಣವೆಂದು ಬಲ್ಲವರು ಹೇಳುತ್ತಾರೆ. ಸಿಕ್ಕಿದ್ದನ್ನು ಉಂಡು, ಜಾಗ ಸಿಕ್ಕಲ್ಲಿ ಮಲಗಿ, ಬೆಳಗಾದರೆ ಮುಂದಿನ ಊರಿಗೆ ಹೊರಡುತ್ತಿದ್ದ ಬಾಲ್ಯವೂ ನೆರವಿಗೆ ಬಂದಿರಬೇಕು.

ಕಂಪನಿ ನಾಟಕ ಸತ್ತುಹೋಯಿತು ಎಂಬ ಮಾತು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ಆ ಮಾತನ್ನು ಒಪ್ಪುವುದಿಲ್ಲ. ಅಲ್ಲಿ ಇಂದಿಗೂ ಹಲವು ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಪೌರಾಣಿಕ ಕಡಿಮೆ, ಹಾಸ್ಯ ಹೆಚ್ಚು. ಗದೆಯ ಬದಲು ಕೈಯಲ್ಲಿ ಮೊಬೈಲು, ಕಂಠದ ಜೊತೆಗೆ ಮೈಕು. ಬಣ್ಣದ ಮನೆಯಲ್ಲಿ ಅಪ್ಪ ಅಮ್ಮ ತಯಾರಾಗುವಾಗ ಮಕ್ಕಳು ಪಕ್ಕದಲ್ಲೇ ಆಡಿಕೊಂಡಿರುತ್ತಾರೆ. ಕ್ಯಾಂಪ್ ಬದಲಾದಂತೆ ಆ ಮಕ್ಕಳ ಶಾಲೆಯೂ ಬದಲಾಗಬೇಕು, ಇಲ್ಲವೇ ಅಜ್ಜಿಯ ಊರಿನಲ್ಲಿ ಬಿಟ್ಟು ಬರಬೇಕು. ಪುಟ್ಟಸ್ವಾಮಯ್ಯನವರಿಗೆ ಎದುರಾದ ಕಷ್ಟ ಇವರ ಪಾಲಿಗೂ ತಪ್ಪಿಲ್ಲ. ರಾಜಕುಮಾರ್ ಹೆಸರಿನಲ್ಲಿ ನಾಡು ಎಷ್ಟೋ ರಸ್ತೆ, ವೃತ್ತ, ಪ್ರತಿಮೆಗಳನ್ನು ಮಾಡಿದೆ. ಆ ಅಪ್ಪನ ಕಸುಬಿನಲ್ಲಿ ಇಂದೂ ದುಡಿಯುತ್ತಿರುವವರ ಮಕ್ಕಳಿಗೆ ಓದು ಕೈತಪ್ಪದಂತೆ ಜಾತ್ರೆಯಿಂದ ಜಾತ್ರೆಗೆ ಒಂದು ಏರ್ಪಾಡು ಮಾಡಿಕೊಡಬೇಕಾದದ್ದು ಇನ್ನೂ ಬಾಕಿ ಇದೆ.